ಬೆಂಕಿಯನ್ನು ತಡೆದ ಕೇರಿ

1995ನೆಯ ಇಸವಿ, ಜನವರಿ 17. ಜಪಾನಿನ ಕೋಬೆ ನಗರಕ್ಕೆ ಇನ್ನೂ ಬೆಳಕು ಹರಿದಿರಲಿಲ್ಲ. ಮಾಗಿಯ ಚಳಿ, ದುಡಿದು ದಣಿದ ಜನ ಹೊದ್ದು ಮಲಗಿದ್ದ ಹೊತ್ತು. ಗಡಿಯಾರ 5 ಗಂಟೆ 46 ನಿಮಿಷ ತೋರಿಸುತ್ತಿದ್ದಾಗ ಭೂಮಿ ನಡುಗಿತು. ಪ್ರಬಲವಾಗಿ ನಡುಗಿದ್ದು ಇಪ್ಪತ್ತು ಸೆಕೆಂಡುಗಳಷ್ಟು ಮಾತ್ರ. ಅಷ್ಟರಲ್ಲಿಯೇ ಎತ್ತರದ ಹೆದ್ದಾರಿಯೊಂದು ಕಂಬಗಳ ಸಮೇತ ಪಕ್ಕಕ್ಕೆ ಉರುಳಿತು. ಸಾಲುಸಾಲು ಮನೆಗಳು ನೆಲ ಕಚ್ಚಿದವು. ಸಾವಿನ ಲೆಕ್ಕ ಕೊನೆಗೆ ನಿಂತದ್ದು 6,434ಕ್ಕೆ.

ಆ ನಗರದ ವಿಭಾಗಗಳಲ್ಲಿ ಅತ್ಯಂತ ಹೆಚ್ಚು ಬೆಂದದ್ದು ನಗಾತಾ. ಕೂಲಿಕಾರರೂ ಸಣ್ಣ ಕಸುಬಿನವರೂ ಕಿಕ್ಕಿರಿದು ಬಾಳುತ್ತಿದ್ದ ಪ್ರದೇಶವದು. ಇಕ್ಕಟ್ಟಾದ ಓಣಿಗಳು, ಭಾರವಾದ ಹೆಂಚು ಹೊತ್ತ ಹಳೆಯ ಮರದ ಮನೆಗಳು, ಅವುಗಳ ನಡುನಡುವೆ ಕೃತಕ ಚರ್ಮದ ಪಾದರಕ್ಷೆ ತಯಾರಿಸುವ ಪುಟ್ಟ ಪುಟ್ಟ ಕಾರ್ಖಾನೆಗಳು. ಬೆಂಕಿಗೆ ಇದಕ್ಕಿಂತ ಒಳ್ಳೆಯ ಆಹಾರ ಬೇರೆ ಉಂಟೆ? ಅಗ್ನಿಶಾಮಕ ದಳದವರು ಹರಸಾಹಸ ಮಾಡಿ ಬಂದರೆ ಕುಸಿದ ಮನೆಗಳಿಂದ ಓಣಿಗಳು ಮುಚ್ಚಿಹೋಗಿದ್ದವು. ಕೊಳವೆ ಜೋಡಿಸಿದರೆ ನೀರಿಲ್ಲ. ನೆಲದಡಿಯ ನೀರಿನ ನಳಿಗೆಗಳು ಒಡೆದುಹೋಗಿದ್ದವು. ಕೈಯಲ್ಲಿ ಕೊಳವೆ ಹಿಡಿದು, ಉರಿಯುವ ಮನೆಗಳನ್ನು ನೋಡುತ್ತ ನಿಲ್ಲಬೇಕಾಗಿ ಬಂದ ಆ ಸಿಬ್ಬಂದಿಯ ಸಂಕಟವನ್ನು ಊಹಿಸುವುದು ಕಷ್ಟ.

ಇದೇ ನಗಾತಾದ ದಕ್ಷಿಣಕ್ಕೆ ಮಾನೊ ಎಂಬ ಕೇರಿಯಿದೆ. ಅಲ್ಲಿಯೂ ಅದೇ ಓಣಿಗಳು, ಅದೇ ಮರದ ಮನೆಗಳು, ಅದೇ ಬಡತನ. ಆ ಬೆಳಗ್ಗೆ ಅಲ್ಲಿಯೂ ಬೆಂಕಿ ಹತ್ತಿತು. ಆದರೆ ಮಾನೊದಲ್ಲಿ ಅದು ಸುಮಾರು ನಲವತ್ತು ಮನೆಗಳನ್ನು ನುಂಗಿ ಅಲ್ಲಿಗೇ ನಿಂತಿತು. ನಿಲ್ಲಿಸಿದವರು ಆ ಕೇರಿಯ ನಿವಾಸಿಗಳು. ಒಬ್ಬರನ್ನೊಬ್ಬರು ಕೂಗಿ ಕರೆದು, ಸಾಲಾಗಿ ನಿಂತು, ಬಕೆಟ್ಟುಗಳಲ್ಲಿ ನೀರನ್ನು ಕೈಯಿಂದ ಕೈಗೆ ಸಾಗಿಸಿದರು. ಕೇರಿಯ ಅಂಚಿನಲ್ಲಿದ್ದ ಮಿತ್ಸುಬೋಶಿ ಬೆಲ್ಟಿಂಗ್ ಕಾರ್ಖಾನೆಯ ಸ್ವಂತ ಅಗ್ನಿಶಾಮಕ ತಂಡ ಕೊಳವೆಗಳೊಡನೆ ಓಡಿಬಂದು ಅವರನ್ನು ಕೂಡಿಕೊಂಡಿತು.

ಆ ಬೆಳಗ್ಗೆ ಗಾಳಿ ಮಂದವಾಗಿತ್ತು ಎಂಬುದೇನೋ ನಿಜ. ಆದರೆ ಮಂದವಾದ ಗಾಳಿ ಇಡೀ ನಗರಕ್ಕೆ ಆದ ಉಪಕಾರ, ಮಾನೊ ಒಂದಕ್ಕೇ ಅಲ್ಲ. ಅಕ್ಕಪಕ್ಕದವರಲ್ಲಿ ಇಲ್ಲದ್ದು ಇವರಲ್ಲಿ ಏನಿತ್ತು ಎಂಬುದಕ್ಕೆ ಉತ್ತರ ಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹೊಗೆಯಿಂದ ಹುಟ್ಟಿದ ಸಂಘ

1960ರ ದಶಕದಲ್ಲಿ ಜಪಾನು ಶರವೇಗದಲ್ಲಿ ಶ್ರೀಮಂತವಾಗುತ್ತಿತ್ತು. ಆ ಶ್ರೀಮಂತಿಕೆಯ ಹೊಗೆ ಮಾತ್ರ ಮಾನೊದಂತಹ ಕೇರಿಗಳ ಮೇಲೆ ಇಳಿಯುತ್ತಿತ್ತು. ಮನೆಗೆ ತಗುಲಿದಂತೆಯೇ ಕಾರ್ಖಾನೆ; ಮಕ್ಕಳು ಆಡುವ ಓಣಿಯಲ್ಲಿ ಲಾರಿಗಳ ಸಂಚಾರ; ಹಗಲಿರುಳೂ ಸದ್ದು, ದುರ್ವಾಸನೆ. ಉಬ್ಬಸದಿಂದ ನರಳುವ ಮಕ್ಕಳೂ ಮುದುಕರೂ ಹೆಚ್ಚಾದರು. ಅನುಕೂಲವಿದ್ದವರು ಮನೆ ಬಿಟ್ಟು ಹೊರಟರು. ಹೊರಡಲಾಗದವರು ಒಂದುಗೂಡಿದರು.

ಸಂಘಗಳು ಹುಟ್ಟುವುದು ಬಹುಮಟ್ಟಿಗೆ ಹೀಗೆಯೇ. ಸದುದ್ದೇಶದ ಭಾಷಣ ಕೇಳಿ ಯಾರೂ ನೆರೆಮನೆಯ ಬಾಗಿಲು ತಟ್ಟುವುದಿಲ್ಲ. ತಮ್ಮ ಮಗುವಿನ ಕೆಮ್ಮೂ ನೆರೆಮನೆಯ ಮಗುವಿನ ಕೆಮ್ಮೂ ಒಂದೇ ಎಂದು ಮನದಟ್ಟಾದ ದಿನ ತಟ್ಟುತ್ತಾರೆ. ಮಾನೊದ ಜನ ಕಾರ್ಖಾನೆಗಳೊಡನೆ ಮಾತುಕತೆಗೆ ಕುಳಿತರು. ನಗರಾಡಳಿತದ ಮೆಟ್ಟಿಲು ಹತ್ತಿಳಿದರು. ವರ್ಷಗಟ್ಟಲೆ ನಡೆದ ಈ ಹೋರಾಟದ ಫಲವಾಗಿ ತೀರ ಉಪದ್ರವಕಾರಿಯಾದ ಕಾರ್ಖಾನೆಗಳು ಬೇರೆಡೆಗೆ ಸರಿದವು. ತೆರವಾದ ನಿವೇಶನವನ್ನು ನಗರಾಡಳಿತ ಕೊಂಡುಕೊಂಡು ಉದ್ಯಾನವನ್ನಾಗಿ ಮಾಡಿತು.

ಇಲ್ಲಿಗೆ ಸಂಘದ ಕೆಲಸ ಮುಗಿಯಬಹುದಾಗಿತ್ತು. ಎಷ್ಟೋ ಸಂಘಗಳ ಆಯುಷ್ಯ ಅಷ್ಟೇ. ನೀರಿಗಾಗಿ ಕೂಡಿದ ಬಡಾವಣೆಯ ಸಂಘಕ್ಕೆ ನಲ್ಲಿಯಲ್ಲಿ ನೀರು ಬಂದ ದಿನವೇ ಕೊನೆಯ ಸಭೆ. ಕುಂದುಕೊರತೆ ಜನರನ್ನು ಒಂದು ಕಡೆ ಸೇರಿಸಬಲ್ಲುದೇ ಹೊರತು ಸೇರಿದವರನ್ನು ಕೂಡಿಸಿ ಇಡಲಾರದು. ಹೋರಾಟದ ಕಾವು ಆರಿದ ಮೇಲೆ ಮಾನೊದವರು ಏನು ಮಾಡಿದರೆಂಬುದೇ ಈ ಕಥೆಯಲ್ಲಿ ಗಮನಿಸಬೇಕಾದ ಭಾಗ. ಅವರು ಗಿಡ ನೆಟ್ಟರು.

ಓಣಿಯಲ್ಲಿ ಜಾಗವೆಲ್ಲಿದೆ? ಮನೆ ಮುಂದಿನ ಗೇಣುದ್ದದ ನೆಲದಲ್ಲಿ ನೆಟ್ಟರು. ಅದೂ ಇಲ್ಲದವರು ಕುಂಡಗಳನ್ನಿಟ್ಟರು. ಗಿಡಕ್ಕೆ ನಿತ್ಯ ನೀರು ಬೇಕು. ನೀರು ಹಾಕುವಾಗ ಎದುರುಮನೆಯವರೊಡನೆ ಎರಡು ಮಾತು ಬರುತ್ತದೆ. ಆಮೇಲೆ ಅವರ ಕಣ್ಣು ಒಂಟಿಯಾಗಿ ಬಾಳುತ್ತಿದ್ದ ವೃದ್ಧರತ್ತ ಹರಿಯಿತು. ಮಕ್ಕಳು ದೂರದ ಊರುಗಳಿಗೆ ಹೋಗಿಬಿಟ್ಟಿದ್ದ ಆ ಕೇರಿಯಲ್ಲಿ ಇಂತಹ ಮುದುಕ ಮುದುಕಿಯರು ಬಹಳ. ಅವರನ್ನು ಸರದಿಯ ಮೇಲೆ ಹೋಗಿ ಮಾತನಾಡಿಸಿ ಬರುವುದು, ಊಟ ಸಿದ್ಧಪಡಿಸಿ ಒಯ್ಯುವುದು, ಸ್ವತಃ ಸ್ನಾನ ಮಾಡಲಾರದವರಿಗೆ ಸ್ನಾನದ ಏರ್ಪಾಡು ಮಾಡುವುದು—ಇವೆಲ್ಲ ಕೇರಿಯ ಕೆಲಸವಾದವು. ಯಾವ ಪತ್ರಿಕೆಯ ಮುಖಪುಟಕ್ಕೂ ಬಾರದ ಕೆಲಸಗಳು. ಆದರೆ ಯಾವ ಅಜ್ಜಿ ಯಾವ ಮನೆಯ ಯಾವ ಮೂಲೆಯಲ್ಲಿ ಮಲಗುತ್ತಾಳೆ ಎಂಬುದು ಹೀಗಲ್ಲದೆ ನೆರೆಯವರಿಗೆ ತಿಳಿಯುವ ಬಗೆ ಬೇರೆ ಯಾವುದು?

ಮೂರನೆಯ ಹಂತ ಇನ್ನೂ ಕಷ್ಟದ್ದು. 1970ರ ದಶಕದ ಕೊನೆಯಲ್ಲಿ, ಕೇರಿಯ ಭವಿಷ್ಯ ಹೇಗಿರಬೇಕೆಂದು ಚರ್ಚಿಸಲು ಅವರೊಂದು ಸಮಿತಿಯನ್ನು ರಚಿಸಿಕೊಂಡರು. ಬೀದಿ ಬೀದಿಯ ಸಂಘಗಳ ಪ್ರತಿನಿಧಿಗಳೊಡನೆ ವ್ಯಾಪಾರಿಗಳೂ ಕಾರ್ಖಾನೆಯವರೂ ಅದರಲ್ಲಿದ್ದರು. ಹೊಗೆಯ ಕಾಲದಲ್ಲಿ ಎದುರಾಳಿಗಳಾಗಿದ್ದವರನ್ನೇ ಪಕ್ಕದಲ್ಲಿ ಕೂರಿಸಿಕೊಂಡ ಈ ನಡೆ ಎಲ್ಲರಿಗೂ ಸುಲಭವಾಗಿ ರುಚಿಸಿರಲಾರದು. ಆದರೆ ಆ ಕೇರಿಯ ಗಂಡಸರೂ ಹೆಂಗಸರೂ ಅನೇಕರು ದುಡಿಯುತ್ತಿದ್ದುದು ಅದೇ ಕಾರ್ಖಾನೆಗಳಲ್ಲಿ. ಅವನ್ನೆಲ್ಲ ಓಡಿಸಿದರೆ ಅನ್ನಕ್ಕೆ ದಾರಿಯೇನು? 1980ರಲ್ಲಿ ಸಮಿತಿ ಮುಂದಿಟ್ಟ ಪ್ರಸ್ತಾವದಲ್ಲಿ ಮೂರು ಗುರಿಗಳಿದ್ದವು: ಜನ ಕೇರಿ ಬಿಟ್ಟು ಹೋಗದಂತೆ ಮಾಡುವುದು, ವಾಸಕ್ಕೆ ಹಿತವಾದ ವಾತಾವರಣ ನಿರ್ಮಿಸುವುದು, ಮನೆಗಳೂ ಕಾರ್ಖಾನೆಗಳೂ ಕೂಡಿ ಬಾಳುವಂತೆ ನೋಡಿಕೊಳ್ಳುವುದು. ಅವಧಿ ಇಪ್ಪತ್ತು ವರ್ಷ. ಯಾರ ಮನೆಯನ್ನೂ ಬಲಾತ್ಕಾರವಾಗಿ ಒಡೆಯುವಂತಿಲ್ಲ. ಮನೆಯ ಒಡೆಯ ತಾನಾಗಿ ಹೊಸದು ಕಟ್ಟಿದಾಗ ಗೋಡೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಬೇಕು. ಹೀಗೆ ಒಂದೊಂದೇ ಮನೆಯಾಗಿ ಓಣಿ ಅಗಲವಾಗಬೇಕು.

ಕೋಬೆ ನಗರಾಡಳಿತ 1981ರಲ್ಲಿ ಹೊಸ ನಿಯಮವೊಂದನ್ನು ತಂದು, ಇಂತಹ ನಿವಾಸಿಗಳ ಸಮಿತಿಗಳಿಗೆ ಅಧಿಕೃತ ಮನ್ನಣೆ ಕೊಟ್ಟಿತು. ಮರುವರ್ಷ ಮಾನೊದ ಸಮಿತಿಯೂ ನಗರಾಡಳಿತವೂ ಒಪ್ಪಂದ ಮಾಡಿಕೊಂಡವು. ಆದರೂ ಕೆಲಸ ಆಮೆಯ ನಡಿಗೆಯಲ್ಲಿಯೇ ಸಾಗಿತು. 1995ರಲ್ಲಿ ಭೂಮಿ ನಡುಗಿದಾಗ ಯೋಜನೆ ಪೂರ್ತಿಯಾಗಿರಲಿಲ್ಲ. ಆದರೆ ಎದುರಾಳಿಯಾಗಿಸಿ ದೂರವಿಡದೆ ನೆರೆಯವನೆಂದು ಉಳಿಸಿಕೊಂಡ ಕಾರ್ಖಾನೆಯಿಂದಲೇ ಆ ಬೆಳಗ್ಗೆ ನೀರಿನ ಕೊಳವೆ ಬಂತು.

ಮನೆಯಿಂದ ಮನೆಗೆ ಹೋಗುವ ಹಲಗೆ

ಮಾನೊದ ಜನ ಅಸಾಮಾನ್ಯರಿರಬಹುದು. ಆದರೆ ಅವರ ಕೈಯಲ್ಲಿದ್ದ ಉಪಕರಣ ಜಪಾನಿನಲ್ಲಿ ತೀರ ಸಾಮಾನ್ಯವಾದದ್ದು. ಅಲ್ಲಿನ ಬಹುತೇಕ ಎಲ್ಲ ಊರುಗಳಲ್ಲಿಯೂ ‘ಚೋನಾಯ್‌ಕಾಯ್’ ಎಂಬ ಬೀದಿ ಸಂಘಗಳಿವೆ. ಸಂಘದೊಳಗೆ ಹತ್ತಿಪ್ಪತ್ತು ಮನೆಗಳಿಗೊಂದು ‘ಹಾನ್’ ಎಂಬ ಗುಂಪು. ಈ ಗುಂಪಿನ ಮುಖ್ಯಸ್ಥನಿಗೆ ಚುನಾವಣೆಯಿಲ್ಲ, ಹಾರತುರಾಯಿಯಿಲ್ಲ. ವರುಷಕ್ಕೊಂದು ಮನೆಯಂತೆ ಸರದಿ ಸುತ್ತುತ್ತದೆ. ವಕೀಲರ ಮನೆಗೂ ಬರುತ್ತದೆ, ಬಡಗಿಯ ಮನೆಗೂ ಬರುತ್ತದೆ. ಚಂದಾ ವಸೂಲು ಮಾಡಲು ಮನೆಮನೆಗೆ ಅಲೆದವನಿಗೆ ಮುಂದಿನ ವರುಷ ವಸೂಲಿಗೆ ಬಂದವರ ಮೇಲೆ ಸಿಡಿಮಿಡಿಗೊಳ್ಳುವ ಮನಸ್ಸು ಬರುವುದಿಲ್ಲ. ಸರದಿಯ ಗುಟ್ಟು ಬಹುಶಃ ಇದೇ. ಒಬ್ಬನೇ ಉತ್ಸಾಹಿ ಕಾರ್ಯದರ್ಶಿಯ ಹೆಗಲ ಮೇಲೆ ಎಲ್ಲವನ್ನೂ ಹೊರಿಸಿ, ಅವನು ಬೇಸತ್ತ ದಿನ ಸಂಘಕ್ಕೆ ಬೀಗ ಬೀಳುವುದನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಚಂದಾ ಹೆಚ್ಚಿನದೇನಲ್ಲ; ಸಾಧಾರಣವಾಗಿ ತಿಂಗಳಿಗೆ ಕೆಲವು ನೂರು ಯೆನ್. ಅದರಲ್ಲಿ ಕಸ ಇಡುವ ಸ್ಥಳದ ನಿರ್ವಹಣೆ, ಬೇಸಗೆಯ ಉತ್ಸವ, ಬೆಂಕಿಯ ಮುಂಜಾಗ್ರತೆಯ ಕವಾಯತು ಮುಂತಾದವು ನಡೆಯುತ್ತವೆ. ಕಸ ಇಡುವ ಸ್ಥಳವನ್ನು ಗುಡಿಸುವುದಕ್ಕೂ ಸರದಿಯುಂಟು.

ಇವೆಲ್ಲಕ್ಕಿಂತ ಸ್ವಾರಸ್ಯವಾದದ್ದು ‘ಕಾಯ್‌ರಾನ್‌ಬಾನ್’. ಹೆಸರು ಕೇಳಿ ಭಾರಿ ಯಂತ್ರವೆಂದುಕೊಳ್ಳಬೇಕಾಗಿಲ್ಲ. ಅದೊಂದು ಕಾಗದ ಕಚ್ಚಿಸುವ ಸಾಧಾರಣ ಹಲಗೆ. ನಗರಾಡಳಿತದ ಪ್ರಕಟಣೆ, ಶಾಲೆಯ ಸುದ್ದಿ, ಸಭೆಯ ತಾರೀಖು, ಜಮಾಖರ್ಚಿನ ಪಟ್ಟಿ ಎಲ್ಲವನ್ನೂ ಅದಕ್ಕೆ ಸಿಕ್ಕಿಸಿ ಮೊದಲನೆಯ ಮನೆಗೆ ಕೊಡುತ್ತಾರೆ. ಮನೆಯವರು ಓದಿ, ತಮ್ಮ ಹೆಸರಿನ ಮುಂದೆ ಮುದ್ರೆಯೊತ್ತಿ, ಪಕ್ಕದ ಮನೆಗೆ ಒಯ್ದು ಕೊಡಬೇಕು. ಹಾಗೆ ಕೊನೆಯ ಮನೆ ಮುಟ್ಟಿ ಹಲಗೆ ಹಿಂದಿರುಗುತ್ತದೆ. ಅಂಚೆಯಲ್ಲಿ ಕಳುಹಿಸಿದರೆ ಬೇಗ ಮುಟ್ಟೀತು. ಆದರೆ ಅಂಚೆಯವನು ನೆರೆಯವನಲ್ಲ. ಹಲಗೆ ಎಲ್ಲಾದರೂ ಎರಡು ದಿನ ನಿಂತರೆ, ಆ ಮನೆಯಲ್ಲಿ ಏನೋ ಆಗಿದೆಯೆಂದು ಓಣಿಗೆ ತಿಳಿಯುತ್ತದೆ. ಒಂದೊಂದು ಮನೆಯಲ್ಲಿ ಅದು ಸುಮ್ಮನೆ ಮರೆತು ಕುಳಿತಿರುವುದೂ ಉಂಟು. ಆಗಲೂ ಕೇಳುವ ನೆಪದಲ್ಲಿ ಒಬ್ಬರು ಬಾಗಿಲು ತಟ್ಟುತ್ತಾರೆ.

ಸಂಘವೇ ಸಂಕೋಲೆಯಾದಾಗ

ಇಷ್ಟನ್ನು ಓದಿ ಜಪಾನಿನ ಬೀದಿ ಸಂಘವೆಂದರೆ ಸ್ವರ್ಗವೆಂದು ಭಾವಿಸುವುದು ತಪ್ಪಾಗುತ್ತದೆ. ಇದೇ ಸಂಘಗಳಿಗೆ ಒಂದು ಕರಾಳ ಅಧ್ಯಾಯವೂ ಇದೆ. 1940ರಲ್ಲಿ, ಚೀನದೊಡನೆ ಯುದ್ಧ ನಡೆದಿದ್ದಾಗ, ಜಪಾನಿನ ಗೃಹ ಖಾತೆ ದೇಶದ ಎಲ್ಲ ಬೀದಿಗಳಲ್ಲಿಯೂ ಇವನ್ನು ಕಡ್ಡಾಯ ಮಾಡಿತು. ಹತ್ತಾರು ಮನೆಗಳ ಗುಂಪಿಗೆ ‘ತೊನಾರಿಗುಮಿ’ ಎಂದು ಹೆಸರು. ಪಡಿತರ ಹಂಚಿಕೆ ಅದರ ಮೂಲಕ, ಯುದ್ಧನಿಧಿಯ ವಸೂಲಿ ಅದರ ಮೂಲಕ, ಬಾಂಬು ಬಿದ್ದರೆ ಬೆಂಕಿ ಆರಿಸುವ ಕವಾಯತೂ ಅದರ ಮೂಲಕ. ಯಾರು ಸರಕಾರದ ವಿರುದ್ಧ ಗೊಣಗಿದರೆಂದು ಕಿವಿಗೊಟ್ಟು ಕೇಳುವ ಕೆಲಸವೂ ಅದಕ್ಕೇ ಅಂಟಿಕೊಂಡಿತು. ಅಕ್ಕಿ ಬೇಕಾದವನು ಗುಂಪಿನಿಂದ ಹೊರಗಿರುವಂತಿಲ್ಲ. ಹೊರಗಿರಲು ಅವಕಾಶವಿಲ್ಲದ ನೆರೆಹೊರೆಗೂ ಸೆರೆಮನೆಗೂ ಅಂತರ ಬಹಳವಿಲ್ಲ. ಯುದ್ಧದಲ್ಲಿ ಸೋತ ಮೇಲೆ, 1947ರಲ್ಲಿ, ದೇಶವನ್ನು ಆಕ್ರಮಿಸಿಕೊಂಡಿದ್ದ ಅಮೆರಿಕನ್ ಆಡಳಿತದ ಆಣತಿಯಂತೆ ಈ ಸಂಘಗಳನ್ನು ರದ್ದುಪಡಿಸಲಾಯಿತು. 1952ರಲ್ಲಿ ಜಪಾನಿಗೆ ಸ್ವಾತಂತ್ರ್ಯ ಮರಳಿ ನಿಷೇಧ ಬಿದ್ದುಹೋದಾಗ ಅವು ಮತ್ತೆ ಬಹಿರಂಗವಾಗಿ ತಲೆಯೆತ್ತಿದವು. ಈ ಬಾರಿ ಯಾರ ಅಪ್ಪಣೆಯೂ ಇಲ್ಲದೆ.

ಆ ಹಳೆಯ ನೆನಪು ಮಾಸಲು ಬಹುಕಾಲ ಹಿಡಿಯಿತು. ಸದಸ್ಯತ್ವ ಸ್ವಂತ ಇಚ್ಛೆಗೆ ಬಿಟ್ಟದ್ದೆಂದು ಹೇಳುತ್ತಿದ್ದರೂ, ಬಿಟ್ಟುಹೋಗಲು ಬಯಸಿದವರಿಗೆ ಕಿರಿಕಿರಿ ತಪ್ಪುತ್ತಿರಲಿಲ್ಲ. ಕೊನೆಗೆ ಅಂತಹದೊಂದು ವ್ಯಾಜ್ಯ ಜಪಾನಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸದಸ್ಯನು ಬಯಸಿದಾಗ ಸಂಘವನ್ನು ಬಿಡಬಹುದೆಂದು 2005ರಲ್ಲಿ ತೀರ್ಪಾಯಿತು.

ಆಸ್ತಿಯ ತಂಟೆ ಇನ್ನೊಂದು ಬಗೆಯದು. ಎಷ್ಟೋ ಸಂಘಗಳು ಚಂದಾ ಕೂಡಿಸಿ ಸಭಾಭವನ ಕಟ್ಟಿಸಿದವು. ಆದರೆ ಕಾನೂನಿನ ಕಣ್ಣಿಗೆ ಸಂಘವೆಂಬುದು ಒಬ್ಬ ‘ವ್ಯಕ್ತಿ’ಯಲ್ಲವಾದ್ದರಿಂದ ನಿವೇಶನವನ್ನು ಅಧ್ಯಕ್ಷರ ಸ್ವಂತ ಹೆಸರಿಗೆ ಬರೆಸಬೇಕಾಗುತ್ತಿತ್ತು. ಅಧ್ಯಕ್ಷರು ತೀರಿಕೊಂಡ ಮೇಲೆ ಅವರ ಮಕ್ಕಳು, ಇದು ನಮ್ಮ ಪಿತ್ರಾರ್ಜಿತ ಎಂದರೆ ಗತಿಯೇನು? 1991ರಲ್ಲಿ ಕಾನೂನನ್ನು ತಿದ್ದಿ, ಬೀದಿ ಸಂಘ ತನ್ನ ಹೆಸರಿನಲ್ಲಿಯೇ ಸ್ಥಿರಾಸ್ತಿ ಹೊಂದಲು ಅವಕಾಶ ಮಾಡಿಕೊಟ್ಟರು. ಈ ವಿಷಯದಲ್ಲಿ ಕನ್ನಡ ನಾಡಿನ ಸಂಘಗಳ ಹಾದಿ ಸುಗಮ; 1960ರ ಸಂಘಗಳ ನೋಂದಣಿ ಅಧಿನಿಯಮದ ಪ್ರಕಾರ ಏಳು ಮಂದಿ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದು. ನೋಂದಾಯಿಸಿದ ಮೇಲೆ ವರ್ಷವರ್ಷವೂ ಲೆಕ್ಕ ಸಲ್ಲಿಸುವುದನ್ನು ಮರೆಯುವ ಸಂಘಗಳೇ ಬಹಳ ಎಂಬುದು ಬೇರೆ ಮಾತು.

ಚೀಟಿ ಎತ್ತಿ ಕೊಟ್ಟ ಮನೆಗಳು

ಮತ್ತೆ 1995ರ ಜನವರಿಗೆ ಬರೋಣ. ಭೂಕಂಪದ ಕೇಂದ್ರಕ್ಕೆ ಸಮೀಪವಾಗಿದ್ದ ಅವಾಜಿ ದ್ವೀಪದಲ್ಲಿ ಹೊಕುದಾನ್ ಎಂಬ ಪುಟ್ಟ ಪಟ್ಟಣವಿತ್ತು. ಅಲ್ಲಿ ಸುಮಾರು 300 ಮಂದಿ ಮನೆಗಳಡಿಯಲ್ಲಿ ಸಿಕ್ಕಿಕೊಂಡರು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದವರೂ ನೆರೆಯವರೂ ಸೇರಿ ಅದೇ ದಿನ ಎಲ್ಲರನ್ನೂ ಹೊರತೆಗೆದರು. ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆಂಬುದು ನೆರೆಯವರಿಗೆ ಗೊತ್ತಿತ್ತು. ಆದ್ದರಿಂದ ಎಲ್ಲಿ ಅಗೆಯಬೇಕೆಂಬ ಪ್ರಶ್ನೆಯೇ ಬರಲಿಲ್ಲ. ಭೂಕಂಪ ಬಾಧಿತ ಪ್ರದೇಶವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ, ಅವಶೇಷಗಳಡಿ ಸಿಲುಕಿ ತಾವಾಗಿ ಹೊರಬರಲಾರದೆ ಇದ್ದವರು ಸುಮಾರು 35,000 ಎಂದೂ ಅವರಲ್ಲಿ ಸುಮಾರು 27,000 ಮಂದಿಯನ್ನು ಎಳೆದು ತೆಗೆದವರು ನೆರೆಹೊರೆಯವರೇ ಎಂದೂ ಆಮೇಲೆ ತಜ್ಞರು ಅಂದಾಜು ಮಾಡಿದರು. ಪೊಲೀಸರೂ ಸೈನಿಕರೂ ತಲಪುವ ವೇಳೆಗೆ ಅನೇಕರ ಉಸಿರು ನಿಂತುಹೋಗಿತ್ತು.

ಮಾನೊದಲ್ಲಿ ಬೆಂಕಿ ಆರಿದ ಕೆಲವೇ ದಿನಗಳಲ್ಲಿ ನಿವಾಸಿಗಳು ತಮ್ಮದೇ ಪರಿಹಾರ ಕೇಂದ್ರವನ್ನು ತೆರೆದರು. ಬೀದಿ ಬೀದಿಯ ಪಟ್ಟಿ ಮೊದಲೇ ಇತ್ತು. ಬಂದ ಅನ್ನವೂ ಕಂಬಳಿಯೂ ಆ ಪಟ್ಟಿಯಂತೆ ಹಂಚಿಕೆಯಾದವು. ಹದಿನೈದು ವರ್ಷ ಮುದುಕರ ಮನೆಗೆ ಊಟ ಒಯ್ದವರಿಗೆ ಯಾರಿಗೆ ಗಂಜಿ ಬೇಕು, ಯಾರಿಗೆ ಔಷಧ ಬೇಕು ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ.

ನಗರದ ಉಳಿದೆಡೆ ನಡೆದದ್ದು ದುಃಖದ ಕಥೆ. ಮನೆ ಕಳೆದುಕೊಂಡವರಿಗೆ ಸರಕಾರ ಊರಾಚೆಯ ಬಯಲುಗಳಲ್ಲಿ ತಾತ್ಕಾಲಿಕ ಮನೆಗಳನ್ನು ಕಟ್ಟಿಸಿತು. ಮನೆಗಳು ಕಡಮೆ, ಬೇಡುವವರು ಹೆಚ್ಚು. ಪಕ್ಷಪಾತದ ದೂರು ಬಾರದಿರಲೆಂದು ಚೀಟಿ ಎತ್ತಿ ಹಂಚಿದರು. ಮುದುಕರಿಗೂ ಅಂಗವಿಕಲರಿಗೂ ಮೊದಲ ಆದ್ಯತೆ ಕೊಟ್ಟರು. ಇದಕ್ಕಿಂತ ನ್ಯಾಯವಾದ ಕ್ರಮ ಯಾವುದಿದೆ ಎಂದು ಯಾರಾದರೂ ಕೇಳಿಯಾರು. ಆದರೆ ಚೀಟಿಗೆ ನೆರೆಹೊರೆ ತಿಳಿಯದು. ನಲವತ್ತು ವರ್ಷ ಒಂದೇ ಓಣಿಯಲ್ಲಿ ಬಾಳಿದವರು ದಿಕ್ಕಾಪಾಲಾಗಿ, ಗುರುತು ಪರಿಚಯವಿಲ್ಲದ ಮುದುಕರೇ ಸಾಲುಸಾಲಾಗಿ ತುಂಬಿದ ಶೆಡ್ಡುಗಳು ತಯಾರಾದವು. ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟಲಿಲ್ಲ. ಆ ತಾತ್ಕಾಲಿಕ ಮನೆಗಳಲ್ಲಿ ಯಾರಿಗೂ ತಿಳಿಯದಂತೆ ಒಂಟಿಯಾಗಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತು. ಭೂಕಂಪದಿಂದ ಬದುಕಿ ಉಳಿದವರು ಇವರು.

ಈ ಪಾಠ ವ್ಯರ್ಥವಾಗಲಿಲ್ಲ. 2004ರಲ್ಲಿ ನೀಗಾತಾ ಪ್ರಾಂತದ ಗುಡ್ಡಗಾಡಿನಲ್ಲಿ ಭೂಕಂಪವಾಗಿ ಯಾಮಾಕೋಶಿ ಎಂಬ ಹಳ್ಳಿಯ ಜನರೆಲ್ಲ ಊರು ಬಿಡಬೇಕಾಗಿ ಬಂದಾಗ, ತಾತ್ಕಾಲಿಕ ಮನೆಗಳನ್ನು ಪಾಳ್ಯ ಪಾಳ್ಯವನ್ನೇ ಒಟ್ಟಾಗಿ ಕೂರಿಸುವಂತೆ ಹಂಚಿದರು. ಊರಿನಲ್ಲಿ ಪಕ್ಕದಲ್ಲಿದ್ದವರು ಅಲ್ಲಿಯೂ ಪಕ್ಕದಲ್ಲಿಯೇ ಉಳಿದರು.

ಕಪ್ಪೆಯ ಜಾತ್ರೆ

ಭೂಕಂಪವಾದ ವರ್ಷದಿಂದಲೇ ಕೋಬೆ ನಗರಾಡಳಿತ ಶಾಲಾ ವಲಯಕ್ಕೊಂದರಂತೆ ನಿವಾಸಿಗಳ ಮಂಡಲಿಗಳನ್ನು ಕಟ್ಟಲು ತೊಡಗಿತು. ವಿಪತ್ತಿನ ಸಿದ್ಧತೆಯನ್ನೂ ವೃದ್ಧರ ಯೋಗಕ್ಷೇಮವನ್ನೂ ಒಂದೇ ಮಂಡಲಿಗೆ ಒಪ್ಪಿಸಿದ್ದು ಮಾನೊದಂತಹ ಕೇರಿಗಳಲ್ಲಿ ಕಂಡ ಜಾಣ್ಮೆ. ವಿಪತ್ತು ಇಪ್ಪತ್ತು ವರ್ಷಕ್ಕೊಮ್ಮೆ ಬಂದೀತು. ಬರಿಯ ವಿಪತ್ತಿಗಾಗಿ ಕಾಯುವ ಸಂಘ ಅಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ಅಜ್ಜಿಗೆ ಊಟ ಮಾತ್ರ ನಿತ್ಯವೂ ಬೇಕು.

ಆದರೆ ಕವಾಯತಿಗೆ ಬರುವವರು ಯಾರು? ಅವೇ ನರೆತ ತಲೆಗಳು, ಅದೇ ಹಳೆಯ ಅಧ್ಯಕ್ಷರು. ಎಳೆಯ ಮಕ್ಕಳ ತಾಯ್ತಂದೆಯರು ಮುಖ ತೋರಿಸುತ್ತಿರಲಿಲ್ಲ. 2005ರಲ್ಲಿ ಕೋಬೆಯ ಕೆಲವರು ಇದಕ್ಕೊಂದು ಉಪಾಯ ಹೂಡಿದರು. ಮಕ್ಕಳು ತಮಗೆ ಬೇಡವಾದ ಆಟದ ಸಾಮಾನು ತಂದು ಬೇರೆಯದನ್ನು ಬದಲಾಯಿಸಿಕೊಳ್ಳುವ ಪುಟ್ಟ ಜಾತ್ರೆ ಏರ್ಪಡಿಸಿದರು. ಅದರ ಗುರುತು ಒಂದು ಕಪ್ಪೆ. ಜಪಾನೀ ಭಾಷೆಯಲ್ಲಿ ‘ಕಾಯೆರು’ ಎಂದರೆ ಕಪ್ಪೆಯೂ ಹೌದು, ಬದಲಾಯಿಸುವುದೂ ಹೌದು. ಒಳ್ಳೆಯ ಆಟಿಕೆ ಬೇಕಾದರೆ ಮಕ್ಕಳು ಅಂಕ ಗಳಿಸಬೇಕು. ಗುರಿಯಿಟ್ಟು ನೀರು ಹಾರಿಸುವುದು, ಸಾಲಾಗಿ ನಿಂತು ಬಕೆಟ್ಟು ಸಾಗಿಸುವುದು, ಕಂಬಳಿಯನ್ನೇ ಡೋಲಿ ಮಾಡಿ ಗಾಯಾಳುವನ್ನು ಹೊರುವುದು—ಅಂಕ ಸಿಗುವುದು ಇಂತಹ ಆಟಗಳಿಗೆ. ಮಕ್ಕಳು ಬಂದರು, ಅವರ ಕೈಹಿಡಿದು ತಾಯ್ತಂದೆಯರೂ ಬಂದರು. ಸಂಘಕ್ಕೆ ಜನ ಬರುವುದಿಲ್ಲವೆಂದು ಹಲುಬುವ ಹಿರಿಯರು ಒಮ್ಮೆಯಾದರೂ ಈ ಕಪ್ಪೆಯನ್ನು ಧ್ಯಾನಿಸಬೇಕು.

ಇಷ್ಟಾದರೂ ಜಪಾನಿನ ಬೀದಿ ಸಂಘಗಳಿಗೆ ಈಗ ಒಳ್ಳೆಯ ಕಾಲವೆನ್ನುವಂತಿಲ್ಲ. ಸದಸ್ಯರ ಸಂಖ್ಯೆ ಇಳಿಯುತ್ತಿದೆ; ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಸರದಿಯ ಹೊಣೆ ಹೊರಲು ಬಿಡುವಿಲ್ಲ; ಬಹುಮಹಡಿಯ ಮನೆಗಳವರಿಗೆ ಎದುರು ಬಾಗಿಲಿನವರ ಹೆಸರು ತಿಳಿಯದು. ಪ್ರಕಟಣೆಗಳನ್ನು ದೂರವಾಣಿಯ ತೆರೆಯ ಮೇಲೆಯೇ ಕಳುಹಿಸಿಬಿಡುವ ಊರುಗಳು ಹೆಚ್ಚುತ್ತಿವೆ. ಹಲಗೆ ಉಳಿದಿರುವ ಕಡೆಗಳಲ್ಲಿಯೂ ಅನೇಕರು ಅದನ್ನು ಪಕ್ಕದ ಮನೆಯ ಬಾಗಿಲ ಹಿಡಿಗೆ ತೂಗುಹಾಕಿ ಸದ್ದಿಲ್ಲದೆ ಹೊರಟುಬಿಡುತ್ತಾರೆ. ಆದರೆ ಒಂಟಿಯಾಗಿರುವ ಹಿರಿಯರ ಮನೆಗಾದರೂ ಹಾಗೆ ಮಾಡದೆ, ಬಾಗಿಲು ತಟ್ಟಿ, ಕೈಗೇ ಕೊಟ್ಟು, ಮುಖ ನೋಡಿ ಬರಬೇಕೆಂದು ನೆರೆಯವರನ್ನು ಕೇಳಿಕೊಳ್ಳುವ ಕೇರಿಗಳು ಇನ್ನೂ ಇವೆ.